ಗೇರುಸೊಪ್ಪೆಯ ಶಾಸನಗಳನ್ನು ನಾನು ಓದುವ ಬಗೆ

ಹೊನ್ನಾವರದಿಂದ ಗೇರುಸೊಪ್ಪೆಗೆ ಬರುವವರಲ್ಲಿ ಹೆಚ್ಚಿನವರು ಚತುರ್ಮುಖ ಬಸದಿಯನ್ನು ಒಮ್ಮೆ ಸುತ್ತಿ ಜೋಗದ ಕಡೆ ಘಟ್ಟ ಹತ್ತುತ್ತಾರೆ. ನನಗೆ ಅಷ್ಟು ಸಾಲದು. ಬಸದಿ ಇರುವ ನಗರಬಸ್ತಿಕೇರಿಯ ಕಾಡಿನೊಳಗೆ ಇರುವುದು ಒಂದು ಪಟ್ಟಣವೇ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ರಾಜಧಾನಿ ಅದು. 1623ರಲ್ಲಿ ಶರಾವತಿಯಲ್ಲಿ ದೋಣಿಯೇರಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ಅರಮನೆ ಬಿದ್ದು ಮರಗಳು ಎದ್ದಿರುವುದನ್ನು ಆಗಲೇ ಬರೆದಿಟ್ಟಿದ್ದಾನೆ.

ಮಳೆ ನಿಂತು ಉಂಬಳದ (ಜಿಗಣೆಯ) ಕಾಟ ತಗ್ಗಿದ ಮೇಲೆ ಬೆಳಿಗ್ಗೆಯೇ ಹೊರಡುತ್ತೇನೆ. ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು, ಗರ್ಭಗುಡಿಯಲ್ಲಿ ನಾಲ್ಕು ಕಡೆಗೂ ಮುಖ ಮಾಡಿದ ಜಿನಬಿಂಬಗಳು. ಒಳಗೆ ಕಾಲಿಟ್ಟು ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಬೇಕು.

ನನ್ನ ಮನಸ್ಸೆಲ್ಲ ಶಾಸನಗಳ ಮೇಲೆ. ಅಕ್ಷರ ಎದ್ದು ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ ಬಳಿಯುವವರನ್ನು ಕಂಡರೆ ಸಂಕಟವಾಗುತ್ತದೆ. ಉಜ್ಜಿದಷ್ಟೂ ಅಕ್ಷರದ ಅಂಚು ಸವೆಯುತ್ತದೆ. ಅದರ ಅಗತ್ಯವೂ ಇಲ್ಲ. ಟಾರ್ಚನ್ನು ಎದುರಿನಿಂದ ಹಿಡಿಯದೆ, ಕಲ್ಲಿನ ಒಂದು ಬದಿಗೆ ಒತ್ತಿದಂತೆ ಓರೆಯಾಗಿ ಹಿಡಿದರೆ ಪ್ರತಿ ಗೀರಿನಲ್ಲೂ ನೆರಳು ಬಿದ್ದು ಅಕ್ಷರ ಮೇಲೇಳುತ್ತದೆ. ಬಲದಿಂದ ಒಮ್ಮೆ, ಎಡದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಬೆಳಕು ಬಿಟ್ಟು ಅದೇ ಸಾಲಿನ ಚಿತ್ರ ತೆಗೆಯುತ್ತೇನೆ. ಒಂದರಲ್ಲಿ ಕಾಣದ ಒತ್ತಕ್ಷರ ಇನ್ನೊಂದರಲ್ಲಿ ಕಾಣುತ್ತದೆ.

ಓದುವುದಕ್ಕೂ ಒಂದು ದಾರಿಯಿದೆ. ಜೈನ ಶಾಸನಗಳು ಬಹುಮಟ್ಟಿಗೆ ‘ಶ್ರೀಮತ್ಪರಮಗಂಭೀರ ಸ್ಯಾದ್ವಾದಾಮೋಘಲಾಂಛನಂ’ ಎಂಬ ಶ್ಲೋಕದಿಂದ ಆರಂಭವಾಗುತ್ತವೆ. ದಾನಶಾಸನವಾದರೆ ಕೊನೆಯಲ್ಲಿ, ಕೊಟ್ಟ ಭೂಮಿಯನ್ನು ಕಸಿದುಕೊಂಡವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ ಇರುವುದೇ ಹೆಚ್ಚು. ಈ ಎರಡನ್ನೂ ಬಾಯಿಪಾಠ ಮಾಡಿಕೊಂಡೇ ಹೋಗುತ್ತೇನೆ. ಮೊದಲ ಸಾಲಿನಲ್ಲಿ ಗೊತ್ತಿರುವ ಶಬ್ದಗಳ ಮೂಲಕ ಆ ಶಿಲ್ಪಿಯ ಕೈಬರಹ ಪರಿಚಯವಾಗುತ್ತದೆ: ಅವನ ‘ಮ’ ಹೇಗೆ, ‘ವ’ ಹೇಗೆ, ರೇಫವನ್ನು (ಅರ್ಕಾವತ್ತನ್ನು) ಎಲ್ಲಿ ಇಡುತ್ತಾನೆ ಎಂಬುದು ತಿಳಿಯುತ್ತದೆ. ಆ ಅಕ್ಷರಗಳನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡು ಮುಂದಿನ ಸಾಲಿಗೆ ಇಳಿಯುತ್ತೇನೆ. ಶಕವರ್ಷ, ಸಂವತ್ಸರ, ತಿಥಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಉಳಿದದ್ದು ನನಗೆ ಎಲ್ಲಕ್ಕಿಂತ ಪ್ರಿಯವಾದ ನಡುವಿನ ಭಾಗ. ಯಾವ ಸೆಟ್ಟಿ ಕೊಟ್ಟ, ಯಾವ ಗದ್ದೆ, ಎಲ್ಲಿಯವರೆಗೆ ಗಡಿ ಎಂಬ ವಿವರ ಇರುವುದು ಅಲ್ಲಿ. ಓದಲಾಗದ ಅಕ್ಷರಕ್ಕೆ ಚುಕ್ಕಿ ಇಡುತ್ತೇನೆ, ಊಹಿಸಿ ತುಂಬುವುದಿಲ್ಲ. ಮನೆಗೆ ಬಂದ ಮೇಲೆ ಶಾಸನಗಳನ್ನು ಪ್ರಕಟಿಸುವ ಎಪಿಗ್ರಾಫಿಯಾ ಸಂಪುಟಗಳಲ್ಲಿ ಅಚ್ಚಾದ ಪಾಠದ ಜೊತೆ ಹೋಲಿಸಿ ನೋಡುತ್ತೇನೆ.