ಮನೆಯಲ್ಲಿ ಮಾಡಿದ ಬಿಯರ್: ಗಸಿ ಬಾಟಲಿಗೆ ಇಳಿಯದಂತೆ ಬಸಿಯುವುದು ಹೇಗೆ?

ಬೆಣ್ಣೆ ಕಾಸಿ ತುಪ್ಪ ಮಾಡಿದವರಿಗೆ ಈ ಕೆಲಸ ಅರ್ಧ ಗೊತ್ತಿರುತ್ತದೆ. ಪಾತ್ರೆಯನ್ನು ಅಲ್ಲಾಡಿಸದೆ ಬಿಟ್ಟರೆ ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮೆಲ್ಲಗೆ ಬಗ್ಗಿಸಿಕೊಳ್ಳುತ್ತೇವೆ, ಕೊನೆಗೆ ಒಂದೆರಡು ಚಮಚ ತುಪ್ಪ ಗಸಿಯ ಜೊತೆಗೇ ಉಳಿದರೂ ಇರಲಿ ಅಂತ ಬಿಡುತ್ತೇವೆ. ಮನೆಯಲ್ಲಿ ಮಾಡಿದ ಬಿಯರನ್ನು ಬಾಟಲಿಗೆ ತುಂಬುವುದೂ ಹೀಗೇ. ಆದರೆ ಇಲ್ಲಿ ಪಾತ್ರೆಯಲ್ಲಿ 19 ಲೀಟರ್ ಇರುತ್ತದೆ, ಅದನ್ನು ಎತ್ತಿ ಬಗ್ಗಿಸಲು ಆಗುವುದಿಲ್ಲ. ಜೊತೆಗೆ ಸುರಿಯುವಾಗ ಗಾಳಿ ಸೇರಿದರೆ ಬಿಯರ್ ಕೆಡುತ್ತದೆ.

ಮುಂದೆ ಹೋಗುವ ಮೊದಲು ಕಾನೂನಿನ ಮಾತು ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ, 1965ರ ಅಬಕಾರಿ ಕಾಯ್ದೆ ಅದಕ್ಕೆ ಬಿಡುವುದಿಲ್ಲ. ನಾನಿರುವುದು ಅಮೆರಿಕದ ಒರೆಗಾನ್‌ನಲ್ಲಿ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ ಕಾನೂನಿನ ಪ್ರಕಾರ ಇಲ್ಲಿ ಒಬ್ಬರೇ ಇರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್ ಬಿಯರ್ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಇಂಥ ಅನುಮತಿ ಇರುವ ಊರುಗಳಲ್ಲಿ ನೆಲೆಸಿ, ಹೊಸದಾಗಿ ಈ ಹವ್ಯಾಸಕ್ಕೆ ಇಳಿದಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ತಳದಲ್ಲಿ ಕೂರುವ ಗಸಿಯಲ್ಲಿ ಏನೇನಿರುತ್ತದೆ? ಹುದುಗು ಬರಿಸುವ ಕೆಲಸ ಮುಗಿಸಿದ ಯೀಸ್ಟ್, ಕುದಿಸುವಾಗ ಮತ್ತು ತಣಿಸುವಾಗ ಒಡೆದ ಹಾಲಿನ ಹಾಗೆ ಚೂರುಚೂರಾಗಿ ಗಟ್ಟಿಯಾದ ಪ್ರೋಟೀನ್, ಬಿಯರಿಗೆ ಕಹಿ, ಪರಿಮಳ ಕೊಡುವ ಹೂವಾದ ಹಾಪ್ಸ್‌ನ ಹಸಿರು ಪುಡಿ. ಇದರಲ್ಲಿ ವಿಷವೇನಿಲ್ಲ. ಆದರೆ ಬಾಟಲಿಗೆ ಜಾಸ್ತಿ ಇಳಿದರೆ ಬಿಯರಿಗೆ ಹಸಿ ಬ್ರೆಡ್ ಹಿಟ್ಟಿನ ವಾಸನೆ ಬರುತ್ತದೆ, ಹಾಪ್ಸ್ ಪುಡಿ ನಾಲಿಗೆಗೆ ಒಗರಾಗಿ ಸಿಗುತ್ತದೆ. ಮುಚ್ಚಳ ತೆಗೆದ ತಕ್ಷಣ ಆ ಚೂರುಗಳ ಸುತ್ತ ಗುಳ್ಳೆ ಕಟ್ಟಿ, ಅರ್ಧ ಬಿಯರ್ ನೊರೆಯಾಗಿ ಮೇಜಿನ ಮೇಲೆ ಉಕ್ಕಿಬಿಡಬಹುದು.

ಗಸಿಯನ್ನು ತಡೆಯುವ ಕೆಲಸ ಕುದಿಸುವ ದಿನವೇ ಶುರುವಾಗುತ್ತದೆ. ಒಲೆ ಆರಿಸುವ 10–15 ನಿಮಿಷ ಮೊದಲು ಐರಿಷ್ ಮಾಸ್ ಹಾಕಿ. ಅದು ಸಮುದ್ರದ ಕೆಂಪು ಪಾಚಿ. ಪ್ರೋಟೀನನ್ನು ಮುದ್ದೆಗಟ್ಟಿಸಿ ತಳಕ್ಕೆ ಇಳಿಸುತ್ತದೆ. ಕುದಿ ಮುಗಿದ ಮೇಲೆ ಬೇಗ ತಣಿಸಿ. ಆಮೇಲೆ ಫರ್ಮೆಂಟರಿಗೆ, ಅಂದರೆ ಬಿಯರ್ ಹುದುಗುವ ಪಾತ್ರೆಗೆ, ಹಾಪ್ಸ್ ಹಾಕುವುದಿದ್ದರೆ ಅದನ್ನು ಕುದಿಸಿ ತೆಗೆದ ತೆಳು ಬಟ್ಟೆಯ ಚೀಲದಲ್ಲಿ ಸಡಿಲವಾಗಿ ಕಟ್ಟಿ ಬಿಡಿ. ಗುಳಿಗೆಯ ರೂಪದ ಹಾಪ್ಸ್ ನೆನೆದರೆ ರಾಗಿ ಹಿಟ್ಟಿನಷ್ಟು ನುಣ್ಣಗಾಗಿ ಹರಡಿಕೊಳ್ಳುತ್ತದೆ, ಆಮೇಲೆ ಅದನ್ನು ಹಿಡಿಯುವುದು ಕಷ್ಟ.

ಯಾವ ಯೀಸ್ಟ್ ಹಾಕುತ್ತೀರಿ ಅನ್ನುವುದೂ ಮುಖ್ಯ. ಕೋಣೆಯ ಬಿಸಿಯಲ್ಲೇ ಹುದುಗುವ ಬಿಯರ್ ಬಗೆಗೆ ಏಲ್ ಅನ್ನುತ್ತಾರೆ. ಇಂಗ್ಲಿಷ್ ಏಲ್ ಯೀಸ್ಟ್‌ಗಳಲ್ಲಿ ಹಲವು, ಉದಾಹರಣೆಗೆ ಪುಡಿಯಾಗಿ ಸಿಗುವ ಸಫೇಲ್ ಎಸ್-04, ಕೆಲಸ ಮುಗಿದ ಮೇಲೆ ಒಂದಕ್ಕೊಂದು ಅಂಟಿಕೊಂಡು ತಳದಲ್ಲಿ ಮೇಣದ ಹಾಗೆ ಗಟ್ಟಿಯಾಗಿ ಕೂರುತ್ತವೆ. ಹೊಸಬರಿಗೆ ನಾನು ಇದನ್ನೇ ಹೇಳುವುದು.

ಇನ್ನು ಕಾಯುವ ಕೆಲಸ. ಪಾತ್ರೆಯ ಮುಚ್ಚಳದಲ್ಲಿದ್ದು, ಒಳಗಿನ ಗ್ಯಾಸನ್ನು ನೀರಿನ ಮೂಲಕ ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತಿತು ಅಂದ ಮಾತ್ರಕ್ಕೆ ಹುದುಗು ಮುಗಿದಿದೆ ಅಂತ ಅಲ್ಲ. ಬಿಯರಿನ ಸಾಂದ್ರತೆಯನ್ನು ಹೈಡ್ರೋಮೀಟರಿನಲ್ಲಿ ಅಳೆಯಿರಿ, ಎರಡು ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ. ಎರಡು ಸಲವೂ ಅದೇ ಅಂಕಿ ಬಂದರೆ ಮಾತ್ರ ಮುಂದಕ್ಕೆ ಹೋಗಿ. ಹುದುಗು ಮುಗಿಯುವ ಮೊದಲೇ ತುಂಬಿ ಮುಚ್ಚಳ ಬಿಗಿದರೆ ಒಳಗೆ ಒತ್ತಡ ಏರಿ ಗಾಜಿನ ಬಾಟಲಿ ಒಡೆಯಬಹುದು. ಇದನ್ನು ಖಂಡಿತ ಹಗುರವಾಗಿ ತೆಗೆದುಕೊಳ್ಳಬೇಡಿ. ಸಾಮಾನ್ಯ ಏಲ್‌ಗೆ ಎರಡು ವಾರ ಸಾಕು, ನಾನು ಮೂರು ವಾರ ಬಿಡುತ್ತೇನೆ. ಆ ಇನ್ನೊಂದು ವಾರದಲ್ಲಿ ಗಸಿ ಎಷ್ಟು ಬಿಗಿಯಾಗುತ್ತದೆ ಅಂದರೆ, ಮುಂದಿನ ಕೆಲಸವೆಲ್ಲ ಅರ್ಧ ಹಗುರವಾಗುತ್ತದೆ.

ಮಧ್ಯದಲ್ಲಿ ಇನ್ನೊಂದು ಪಾತ್ರೆಗೆ ಬದಲಾಯಿಸಿ ತಿಳಿ ಮಾಡುವ ಹಳೆಯ ಪದ್ಧತಿಯೊಂದಿದೆ. ಮಾಮೂಲಿ ಏಲ್‌ಗೆ ಅದು ಬೇಡ ಅನ್ನುವುದೇ ನನ್ನ ಅಭಿಪ್ರಾಯ. ಪ್ರತಿ ಸಲ ಬದಲಾಯಿಸಿದಾಗಲೂ ಗಾಳಿ ಸೇರುತ್ತದೆ, ಕೆಲವು ವಾರಕ್ಕೆ ಬಿಯರ್ ನೆನೆದ ರಟ್ಟಿನ ರುಚಿಗೆ ತಿರುಗುತ್ತದೆ. ಇದ್ದ ಪಾತ್ರೆಯಲ್ಲೇ ಕಾಯುವುದರಿಂದ ಸಿಗದ ಯಾವ ಲಾಭವೂ ಅದರಲ್ಲಿ ಇಲ್ಲ.

ಫರ್ಮೆಂಟರ್ ಹಿಡಿಸುವಂಥ ಹಳೇ ಫ್ರಿಜ್ ಇದ್ದರೆ ಬಾಟಲಿಗೆ ತುಂಬುವ ಎರಡು ಮೂರು ದಿನ ಮೊದಲು 1–3 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿಡಿ. ಚಳಿಗೆ ಯೀಸ್ಟ್ ಬೇಗ ತಳ ಸೇರುತ್ತದೆ. ತಣಿಯುವಾಗ ಒಳಗಿನ ಗಾಳಿ ಕುಗ್ಗಿ ಏರ್‌ಲಾಕ್‌ನ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ, ಆದ್ದರಿಂದ ಅದರಲ್ಲಿ ನೀರು ಕಡಿಮೆ ಇರಲಿ. ಇಷ್ಟು ತಣಿಸಿದರೆ ಬಾಟಲಿಯಲ್ಲಿ ಗ್ಯಾಸ್ ಹುಟ್ಟಿಸಲು ಯೀಸ್ಟೇ ಉಳಿಯುವುದಿಲ್ಲವೇನೋ ಅಂತ ತುಂಬಾ ಜನ ಹೆದರುತ್ತಾರೆ. ಉಳಿದಿರುತ್ತದೆ. ಕಣ್ಣಿಗೆ ತಿಳಿಯಾಗಿ ಕಂಡರೂ ಆ ಕೆಲಸಕ್ಕೆ ಬೇಕಾದಷ್ಟು ಯೀಸ್ಟ್ ತೇಲುತ್ತಲೇ ಇರುತ್ತದೆ.

ಇನ್ನೂ ತಿಳಿ ಬೇಕು ಅನ್ನುವವರು ಒಂದು ಕಪ್ ನೀರಿಗೆ ಅರ್ಧ ಟೀ ಚಮಚ ಜೆಲಾಟಿನ್ ಹಾಕಿ, ಕುದಿಸದೆ 65–70 ಡಿಗ್ರಿಗೆ ಬಿಸಿ ಮಾಡಿ, ತಣ್ಣಗಿರುವ ಬಿಯರಿಗೆ ಸೇರಿಸಿ ಎರಡು ದಿನ ಬಿಡುತ್ತಾರೆ. ಜೆಲಾಟಿನ್ ಬರುವುದು ಪ್ರಾಣಿಗಳ ಚರ್ಮ, ಮೂಳೆಗಳಿಂದ. ಐಸಿಂಗ್ಲಾಸ್ ಅನ್ನುವ ಇನ್ನೊಂದು ವಸ್ತು ಮೀನಿನ ಈಜು ಚೀಲದ್ದು. ಇವೆರಡನ್ನೂ ನಾನು ಬಳಸುವುದಿಲ್ಲ. ನಮ್ಮ ಮನೆಗೆ ಬರುವವರಲ್ಲಿ ಸಸ್ಯಾಹಾರಿಗಳಿದ್ದಾರೆ, ಅವರಿಗೆ ಹೇಳದೆ ಕೊಡುವುದು ತಪ್ಪು. ಐರಿಷ್ ಮಾಸ್, ಚಳಿ, ಇನ್ನೊಂದು ವಾರದ ಸಮಯ ಇಷ್ಟರಲ್ಲೇ ನನ್ನ ಪೇಲ್ ಏಲ್ ಚೆನ್ನಾಗಿ ತಿಳಿಯಾಗುತ್ತದೆ.

ಈಗ ನಾನು ಮೊದಲ ಸಲ ಎಡವಿದ ಜಾಗ. ಮೂರು ವಾರ ಕಾದಿದ್ದೆ, ಬಿಯರ್ ಕನ್ನಡಿಯಂತೆ ಇತ್ತು. ತುಂಬುವ ದಿನ ಬೆಳಿಗ್ಗೆ ಬಕೆಟನ್ನು ಕೆಳಗಿನ ಕೋಣೆಯಿಂದ ಅಡುಗೆಮನೆಗೆ ಎತ್ತಿಕೊಂಡು ಬಂದೆ. ಮೆಟ್ಟಿಲಿನಲ್ಲಿ ನಾಲ್ಕು ಸಲ ತುಳುಕಿತು, ಅಷ್ಟೇ. ಮುಚ್ಚಳ ತೆಗೆದು ನೋಡಿದರೆ ಮೂರು ವಾರದ ತಿಳಿಯೆಲ್ಲ ಕದಡಿಹೋಗಿತ್ತು. ತಡೆದುಕೊಳ್ಳಲಾಗದೆ ಹಾಗೇ ತುಂಬಿದೆ. ಅಷ್ಟೂ ಬಾಟಲಿಯಲ್ಲಿ ಅರ್ಧ ಬೆರಳು ಗಸಿ. ತುಂಬಾ ಬೇಜಾರಾಯಿತು.

ಆದ್ದರಿಂದ ಹಿಂದಿನ ದಿನವೇ ಫರ್ಮೆಂಟರನ್ನು ಅದರ ಜಾಗಕ್ಕೆ ತಂದಿಡಿ. ಅಡುಗೆ ಕಟ್ಟೆ ಒಳ್ಳೆಯ ಜಾಗ. ಫರ್ಮೆಂಟರಿನ ತಳ, ಕೆಳಗಿಡುವ ಖಾಲಿ ಬಕೆಟಿನ ಬಾಯಿಗಿಂತ ಮೇಲಿರಬೇಕು. ಸೈಫನ್ (ಮೇಲಿನ ಪಾತ್ರೆಯ ಬಿಯರನ್ನು ಕೆಳಗಿನ ಬಕೆಟಿಗೆ ಹರಿಸುವ ಕೊಳವೆ) ಇಳಿಸುವ ಬದಿಯ ಅಡಿಗೆ ಒಂದು ಮರದ ತುಂಡು ಕೊಟ್ಟು ಪಾತ್ರೆಯನ್ನು ಸ್ವಲ್ಪ ವಾಲಿಸಿ. ರಾತ್ರಿ ಕೂರುವ ಗಸಿ ಆಚೆ ಬದಿಯ ತಗ್ಗಿಗೆ ಹೆಚ್ಚು ಸೇರುತ್ತದೆ.

ಮಾರನೆಯ ದಿನ ಸೈಫನ್, ಪೈಪು, ಬಕೆಟ್, ಬಾಟಲಿ ಎಲ್ಲವನ್ನೂ ತೊಳೆದು, ಪಾತ್ರೆಗಳ ರೋಗಾಣು ಕಳೆಯುವ ಸ್ಯಾನಿಟೈಸರಿನಲ್ಲಿ (ಕೈಗೆ ಹಚ್ಚುವುದಲ್ಲ) ಅದ್ದಿ ತೆಗೆಯಿರಿ. ಊರಲ್ಲಿ ಡ್ರಮ್ಮಿನಿಂದ ಸೀಮೆಎಣ್ಣೆ ತೆಗೆಯುವಾಗ ಪೈಪನ್ನು ಬಾಯಲ್ಲಿ ಎಳೆಯುವುದನ್ನು ನೋಡಿರುತ್ತೀರಿ, ಅಲ್ವಾ? ಇಲ್ಲಿ ಅದು ಬೇಡವೇ ಬೇಡ. ಬಾಯಿಯ ಬ್ಯಾಕ್ಟೀರಿಯಾ ಇಡೀ ಬಿಯರನ್ನು ಹುಳಿ ಮಾಡಬಲ್ಲದು. ಪಂಪಿನ ಹಾಗೆ ಎಳೆಯುವ ಆಟೋ ಸೈಫನ್ ಕೊಳ್ಳಿ, ಅದರ ತುದಿಗೆ ಸಣ್ಣ ಟೋಪಿಯೊಂದು ಬರುತ್ತದೆ. ತಳಕ್ಕಿಂತ ಸ್ವಲ್ಪ ಮೇಲಿನ ಬಿಯರನ್ನಷ್ಟೇ ಎಳೆಯಲಿ ಅಂತ ಅದನ್ನು ಇಟ್ಟಿರುವುದು. ಕಳೆದುಕೊಳ್ಳಬೇಡಿ.

ಗಸಿಯ ಜೊತೆ ಬಿಡುವ ಎರಡು ಲೀಟರ್ ಕಳೆದು ಸಿಗುವ 17 ಲೀಟರಿಗೆ ಸುಮಾರು 100 ಗ್ರಾಂ ಮಾಮೂಲಿ ಸಕ್ಕರೆ ತೂಗಿ, ಒಂದೂವರೆ ಕಪ್ ನೀರಿನಲ್ಲಿ ಐದು ನಿಮಿಷ ಕುದಿಸಿ ಖಾಲಿ ಬಕೆಟಿಗೆ ಹಾಕಿ. ಗ್ಯಾಸ್ ಹುಟ್ಟುವುದು ಈ ಸಕ್ಕರೆಯಿಂದಲೇ, ಹಾಗಾಗಿ ಚಮಚದ ಅಂದಾಜು ಸಾಲದು. ಪೈಪಿನ ತುದಿ ಬಕೆಟಿನ ತಳಕ್ಕೆ ಮುಟ್ಟಿ, ಗೋಡೆಗುಂಟ ಸುತ್ತಿಕೊಂಡಿರಲಿ. ಬಿಯರ್ ಸದ್ದಿಲ್ಲದೆ ಸುತ್ತುತ್ತಾ ತುಂಬುತ್ತದೆ, ಸಕ್ಕರೆಯೂ ಬೆರೆಯುತ್ತದೆ. ಮೇಲಿನಿಂದ ಧಾರೆ ಬೀಳಬಾರದು.

ಸೈಫನ್ನನ್ನು ನೇರ ತಳಕ್ಕೆ ಇಳಿಸಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಬಿಯರಿನ ನಡುಮಟ್ಟದಲ್ಲಿ ಹಿಡಿದು, ಕ್ಲಿಪ್ ಹಾಕಿ ಪಾತ್ರೆಯ ಅಂಚಿಗೆ ಸಿಕ್ಕಿಸಿ. ಮೆಲ್ಲಗೆ ಒಂದು ಸಲ ಎಳೆದು ಒತ್ತಿದರೆ ಸಾಕು, ಹರಿಯಲು ಶುರುವಾಗುತ್ತದೆ. ಪಂಪ್ ಮಾಡುತ್ತಲೇ ಇದ್ದರೆ ಗಸಿ ಏಳುತ್ತದೆ. ಮಟ್ಟ ಇಳಿದ ಹಾಗೆ ಸೈಫನ್ನನ್ನೂ ಇಳಿಸುತ್ತಾ ಬನ್ನಿ, ಸಾರಿನ ತಿಳಿ ತೆಗೆಯುವಾಗ ಸೌಟು ಬೇಳೆಗೆ ತಾಗದಂತೆ ಹಿಡಿಯುತ್ತೇವಲ್ಲ, ಅದೇ ಕೈ.

ಕೊನೆಯ ಎರಡು ನಿಮಿಷ ಕಣ್ಣು ಪೈಪಿನ ಮೇಲೇ ಇರಲಿ. ಪಾರದರ್ಶಕ ಪೈಪಿನಲ್ಲಿ ಹೊಗೆಯಂಥ ಎಳೆಯೊಂದು ಕಂಡಿತೋ, ತಕ್ಷಣ ಪೈಪನ್ನು ಮಡಚಿ ಹಿಡಿದು ಹರಿವು ನಿಲ್ಲಿಸಿ. ಪಾತ್ರೆಯಲ್ಲಿ ಇನ್ನೂ ಒಂದೂವರೆ, ಎರಡು ಲೀಟರ್ ಬಿಯರ್ ಕಾಣುತ್ತಿರುತ್ತದೆ, ಇಷ್ಟು ದಿನ ಕಾದು ಮಾಡಿದ್ದನ್ನು ಚೆಲ್ಲುವುದೇ ಅಂತ ಹೊಟ್ಟೆ ಉರಿಯುತ್ತದೆ. ಬಿಟ್ಟುಬಿಡಿ. ಐದಾರು ಬಾಟಲಿ ಉಳಿಸಲು ಹೋಗಿ ಉಳಿದ 48 ಬಾಟಲಿಗೂ ಗಸಿ ಹಂಚುತ್ತೀರಿ, ಯಾಕೆಂದರೆ ಬಕೆಟಿನಲ್ಲಿ ಎಲ್ಲವೂ ಬೆರೆತೇ ಇರುತ್ತದೆ. ಆ ಎರಡು ಲೀಟರನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ: 17 ಬೇಕಿದ್ದರೆ 19 ಮಾಡಿ, 19 ಬೇಕಿದ್ದರೆ 21 ಮಾಡಿ. ಖರ್ಚಾಗುವುದು ಇನ್ನೊಂದಿಷ್ಟು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಮಾತ್ರ.

ಬಕೆಟಿನಲ್ಲಿ ಒಂದು ಹತ್ತು ನಿಮಿಷ ಸುಮ್ನೆ ಬಿಡಿ, ತಪ್ಪಿ ಬಂದ ಚೂರೂ ಕೂರುತ್ತದೆ. ಆಮೇಲೆ ಬಕೆಟಿನ ನಲ್ಲಿಗೆ ಬಾಟ್ಲಿಂಗ್ ವಾಂಡ್ ಅನ್ನುವ ಕೊಳವೆ ಸಿಕ್ಕಿಸಿ ತುಂಬಿ. ಅದರ ತುದಿಯನ್ನು ಬಾಟಲಿಯ ತಳಕ್ಕೆ ಒತ್ತಿದರೆ ಬಿಯರ್ ಹರಿಯುತ್ತದೆ, ಎತ್ತಿದರೆ ನಿಲ್ಲುತ್ತದೆ. ಬಾಯಿಯ ಮಟ್ಟಕ್ಕೆ ತುಂಬಿ ವಾಂಡ್ ತೆಗೆದರೆ ಮೇಲೆ ಬೇಕಾದಷ್ಟು ಜಾಗ ತಾನಾಗಿ ಉಳಿಯುತ್ತದೆ. ಕೊನೆಯ ಎರಡು ಬಾಟಲಿಗೆ ಗಸಿ ಹೆಚ್ಚು ಇಳಿಯುತ್ತದೆ, ಗುರುತು ಹಾಕಿಡಿ. ಅವನ್ನು ನಾನು ಯಾರಿಗೂ ಕೊಡುವುದಿಲ್ಲ.

ಇಷ್ಟು ಮಾಡಿದರೂ ಬಾಟಲಿಯ ತಳದಲ್ಲಿ ಬಿಳಿ ಪುಡಿಯ ತೆಳು ಪದರ ಬಂದೇ ಬರುತ್ತದೆ. ಅದು ನಿಮ್ಮ ತಪ್ಪಲ್ಲ. ಸಕ್ಕರೆ ತಿಂದು ಗ್ಯಾಸ್ ಮಾಡಿದ ಯೀಸ್ಟ್ ಅಲ್ಲೇ ಕೂರಬೇಕಲ್ಲವೇ? ಬಾಟಲಿಗಳನ್ನು 21 ಡಿಗ್ರಿ ಆಸುಪಾಸಿನಲ್ಲಿ ಎರಡು ವಾರ ಇಟ್ಟು, ಕುಡಿಯುವ ಎರಡು ದಿನ ಮೊದಲು ಫ್ರಿಜ್ಜಿಗೆ ಹಾಕಿ. ಮಲಗಿಸಬೇಡಿ, ನಿಲ್ಲಿಸಿಡಿ. ಗ್ಲಾಸಿಗೆ ಬಗ್ಗಿಸುವಾಗ ಒಂದೇ ಸಲಕ್ಕೆ, ನಡುವೆ ಬಾಟಲಿಯನ್ನು ನೆಟ್ಟಗೆ ಮಾಡದೆ ಬಗ್ಗಿಸಿ, ಗಸಿ ಕುತ್ತಿಗೆಗೆ ಬರುವ ಮೊದಲು ನಿಲ್ಲಿಸಿ. ಇಬ್ಬರಿಗೆ ಹಂಚುವುದಿದ್ದರೆ ಪೂರ್ತಿಯನ್ನು ಮೊದಲು ಒಂದು ಜಗ್ಗಿಗೆ ಬಗ್ಗಿಸಿಕೊಳ್ಳುವುದು ಒಳ್ಳೆಯದು.

ಜರ್ಮನಿಯ ಬವೇರಿಯಾ ಶೈಲಿಯ ಗೋಧಿ ಬಿಯರ್ ಹೆಫೆವೈಜನ್ ಮಾಡಿದ್ದರೆ ಮಾತ್ರ ಇದು ಉಲ್ಟಾ. ಹೆಫೆ ಅಂದರೇ ಯೀಸ್ಟ್. ಅದರಲ್ಲಿ ಮಬ್ಬು ಇರಬೇಕು. ಮುಕ್ಕಾಲು ಭಾಗ ಬಗ್ಗಿಸಿದ ಮೇಲೆ ಬಾಟಲಿಯನ್ನು ನಾಲ್ಕು ಸುತ್ತು ತಿರುಗಿಸಿ, ತಳದ ಯೀಸ್ಟನ್ನೂ ಗ್ಲಾಸಿಗೇ ಸುರಿದುಕೊಳ್ಳಿ.