ಎಲೆ ಉಜ್ಜಿ ವೈರಸ್ ಚುಕ್ಕಿ ಮೂಡಿಸುವುದು ಹೇಗೆ?

ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ ಪ್ರತಿ ವರ್ಷ ಇದೇ ಕತೆ. ಎಲೆಗೆ ವೈರಸ್ ಹಚ್ಚಿ ಅಂದರೆ ಹುಡುಗರು ಪಾತ್ರೆ ತಿಕ್ಕಿದ ಹಾಗೆ ತಿಕ್ಕುತ್ತಾರೆ. ಮರುದಿನವೇ ಎಲೆ ತುಂಬ ಕಂದು ಕಲೆ. "ಸಾರ್, ಲೀಷನ್ ಬಂತು!" ಅಂತ ಓಡಿ ಬರುತ್ತಾರೆ. ಅದು ಲೀಷನ್ (ವೈರಸ್ ಹೊಕ್ಕ ಜಾಗದಲ್ಲಿ ಕೋಶ ಸತ್ತು ಮೂಡುವ ಚುಕ್ಕಿ) ಅಲ್ಲ, ತಿಕ್ಕಿದ್ದರಿಂದ ಆದ ಗಾಯ.

ಬೇಕಾದ ಗಿಡ ನಿಕೋಟಿಯಾನಾ ಗ್ಲುಟಿನೋಸಾ. ಹೊಗೆಸೊಪ್ಪಿನ ನೆಂಟ. ತಂಬಾಕಿನ ಮೊಸಾಯಿಕ್ ವೈರಸ್ ಮಾಮೂಲಿ ಹೊಗೆಸೊಪ್ಪಿಗೆ ಹತ್ತಿದರೆ ಗಿಡವೆಲ್ಲ ಹರಡುತ್ತದೆ. ಇದರಲ್ಲಿ ಮಾತ್ರ ಹೊಕ್ಕ ಜಾಗದಲ್ಲೇ ಸಿಕ್ಕಿಬೀಳುತ್ತದೆ, ಅಲ್ಲೊಂದು ಚುಕ್ಕಿ ಮೂಡುತ್ತದೆ. ಹೋಮ್ಸ್ ಎಂಬ ವಿಜ್ಞಾನಿ 1929ರಲ್ಲೇ ಈ ಚುಕ್ಕಿಗಳನ್ನು ಎಣಿಸಿ ವೈರಸ್ ಎಷ್ಟಿದೆ ಎಂದು ಅಳೆದಿದ್ದರು.

ರೋಗ ಹತ್ತಿದ ಎಲೆ ಒಂದು ಗ್ರಾಂ, ತಣ್ಣನೆಯ ಫಾಸ್ಫೇಟ್ ಬಫರ್ (ಪಿಎಚ್ ಏರುಪೇರಾಗದಂತೆ ಹಿಡಿದಿಡುವ ದ್ರಾವಣ) ಹತ್ತು ಮಿಲಿ, ಪಿಎಚ್ 7. ಅರೆದು ತೆಳು ಬಟ್ಟೆಯಲ್ಲಿ ಸೋಸಿ. ಬೀಡಿ ಪುಡಿ ನೆನೆಸಿದರೂ ವೈರಸ್ ಸಿಗುತ್ತೆ ಅನ್ನೋರಿದ್ದಾರೆ. ಸಿಕ್ಕರೆ ಸಿಕ್ಕಿತು, ಅದನ್ನು ನಂಬಿ ಕೂರಬೇಡಿ.

ಇನ್ನು ಉಜ್ಜುವುದು. ಎಲ್ಲರೂ ಎಡವುವುದು ಇಲ್ಲೇ.

ಎಲೆ ಮೇಲೆ 600 ಮೆಶ್ ಕಾರ್ಬೊರಂಡಮ್ (ಸಣ್ಣ ಗೀರು ಹಾಕುವ ನುಣ್ಣನೆಯ ಗಟ್ಟಿ ಪುಡಿ) ಉದುರಿಸಿ, ಊದಿದರೆ ಹಾರುವಷ್ಟು ತೆಳ್ಳಗೆ. ಗ್ಯಾರೇಜಿನ ವಾಲ್ವ್ ಉಜ್ಜುವ ಪೇಸ್ಟ್ ತರಬೇಡಿ, ಅದರಲ್ಲಿ ಗ್ರೀಸ್ ಇರುತ್ತೆ. ಎಡ ಅಂಗೈ ಮೇಲೆ ಎಲೆ ಮಲಗಿಸಿ. ಬಲಗೈ ತೋರುಬೆರಳನ್ನು ರಸದಲ್ಲಿ ಅದ್ದಿ, ತೊಟ್ಟಿನಿಂದ ತುದಿಗೆ ಒಂದೇ ಸಲ ಸವರಿ. ಮಲಗಿದ ಮಗುವಿನ ಕೆನ್ನೆ ಸವರುವಷ್ಟೇ ಭಾರ. ಬ್ರಷ್, ಹತ್ತಿ ಎಲ್ಲ ಬೇಡ. ಎಷ್ಟು ಒತ್ತುತ್ತಿದ್ದೀರಿ ಅಂತ ಬೆರಳಿಗೆ ಗೊತ್ತಾಗುತ್ತೆ, ಬ್ರಷ್‌ಗೆ ಗೊತ್ತಾಗಲ್ಲ. ನಡುನರದ ಒಂದು ಬದಿಗೆ ರಸ, ಇನ್ನೊಂದು ಬದಿಗೆ ಬೇರೆ ಬೆರಳಲ್ಲಿ ಬರೀ ಬಫರ್. ತಕ್ಷಣ ನೀರಲ್ಲಿ ತೊಳೆಯಿರಿ.

ಇಷ್ಟು ನಾಜೂಕು ಯಾಕೆ? ವೈರಸ್ ತಾನಾಗಿ ಜೀವಕೋಶದ ಗೋಡೆ ದಾಟಲಾರದು, ಸಣ್ಣ ಗೀರು ಬೇಕು. ಆದರೆ ಗೀರು ಬಿದ್ದ ಕೋಶ ಬದುಕಿರಬೇಕು. ಸತ್ತ ಕೋಶದಲ್ಲಿ ವೈರಸ್ ಬೆಳೆಯಲ್ಲ, ಅದು ಯಾರನ್ನೂ ಎಚ್ಚರಿಸುವುದೂ ಇಲ್ಲ. ಬದುಕಿದ ಕೋಶದಲ್ಲಿ ಈ ಗಿಡದ ಎನ್ ಜೀನ್ ಎಂಬ ರೋಗ ತಡೆಯುವ ಜೀನ್ ಮಾಡಿಟ್ಟ ಪ್ರೋಟೀನ್ ಕಾವಲಿರುತ್ತದೆ. ವೈರಸ್ ತನ್ನನ್ನು ನಕಲು ಮಾಡಿಕೊಳ್ಳಲು ಬಳಸುವ ಪ್ರೋಟೀನಿನ ಒಂದು ತುಂಡು ಕಂಡರೆ ಸಾಕು, ಅದು ಗುರುತು ಹಿಡಿಯುತ್ತದೆ. ಕ್ಯಾಲ್ಸಿಯಂ ಒಳನುಗ್ಗುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಸ್ಯಾಲಿಸಿಲಿಕ್ ಆಮ್ಲ ಏರುತ್ತದೆ. ಆಮೇಲೆ ಆ ಕೋಶ, ಅಕ್ಕಪಕ್ಕದವೂ ಸಾಯುತ್ತವೆ. ನಾವು ನೋಡುವ ಚುಕ್ಕಿ ಅದೇ.

ಗಿಡವನ್ನು 22ರಿಂದ 25 ಡಿಗ್ರಿಯಲ್ಲಿಡಿ. 28 ದಾಟಿದರೆ ಈ ಕಾವಲು ಕೈಕೊಡುತ್ತದೆ, ಚುಕ್ಕಿ ಇಲ್ಲದೆ ವೈರಸ್ ಸುಮ್ನೆ ಹರಡುತ್ತದೆ. ಏಪ್ರಿಲ್‌ನಲ್ಲಿ ಕಿಟಕಿ ಪಕ್ಕ ಇಟ್ಟು ನನ್ನನ್ನು ಬೈಯಬೇಡಿ.

ಎರಡು-ಮೂರು ದಿನಕ್ಕೆ ದುಂಡಗಿನ, ಬಿಡಿ ಬಿಡಿ ಚುಕ್ಕಿ ಬರಬೇಕು. ಬಫರ್ ಸವರಿದ ಬದಿಯಲ್ಲೂ ಕಲೆ ಇದ್ದರೆ ಆ ಎಲೆ ಲೆಕ್ಕಕ್ಕಿಲ್ಲ. ಸರಿಯಾಗಿ ಬಂದಿದ್ದರೆ ಗಿಡ ಎಸೆಯಬೇಡಿ. ಒಂದು ವಾರ ಬಿಟ್ಟು ಮೇಲಿನ ಎಲೆಗೂ ಹಾಗೇ ರಸ ಸವರಿ, ಚುಕ್ಕಿಗಳನ್ನು ಸ್ಕೇಲಿನಲ್ಲಿ ಅಳೆಯಿರಿ. ಎನ್ ಜೀನ್ ಇರುವ ಹೊಗೆಸೊಪ್ಪಿನಲ್ಲಿ ಹೀಗೆ ಎರಡನೇ ಸಲ ಬಂದ ಚುಕ್ಕಿಗಳು ಚಿಕ್ಕದಾಗಿರುವುದನ್ನು 1961ರಲ್ಲಿ ರಾಸ್ ಎಂಬುವರು ತೋರಿಸಿದ್ದರು. ಹೋಲಿಸಲು ಮೊದಲು ರಸ ಮುಟ್ಟಿಸದ ಇನ್ನೊಂದು ಗಿಡವೂ ಇರಲಿ. ಅದನ್ನು ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆದುಕೊಳ್ಳಿ.