ಮೊಣಕಾಲುದ್ದದ ನೀರಲ್ಲಿ ಸ್ಟೀಲ್‌ಹೆಡ್: ನನ್ನ ಅನುಭವ

ಕೊನೆಗೂ ಬಿತ್ತು. ಅದೂ ಒಂದಲ್ಲ. ಕಳೆದ ಚಳಿಗಾಲದಲ್ಲಿ ಸಿಯಾಟಲ್ ಹತ್ತಿರದ ಸ್ಕೈಕೋಮಿಶ್ ನದಿಯಿಂದ ಐದೋ ಆರೋ ಸ್ಟೀಲ್‌ಹೆಡ್ (ಸಮುದ್ರಕ್ಕೆ ಹೋಗಿ ನದಿಗೆ ಮರಳುವ ರೇನ್‌ಬೋ ಟ್ರೌಟ್ ಮೀನು) ದಡಕ್ಕೆ ತಂದೆ. ಎಲ್ಲವೂ ಮೊಣಕಾಲುದ್ದದ ನೀರಿನಲ್ಲಿ, ಎಲ್ಲವೂ ಬೆಳಗ್ಗೆ ಹತ್ತು ಗಂಟೆ ಕಳೆದ ಮೇಲೆ. "ಅಲ್ಲಿ ಯಾವ ಮೀನಿರುತ್ತೆ ಮಾರಾಯ, ಕಾಲು ತೊಳಿಯೋಕೆ ಹೋಗಿದ್ಯಾ?" ಎಂದು ನಕ್ಕ ನಮ್ಮ ಸಿಯಾಟಲ್ ಗೆಳೆಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವನು. ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಹಿಡಿದು ಬೆಳೆದವರಿಗೆ ಒಂದು ವಿಷಯ ಗೊತ್ತು. ಹೊಳೆ ಕೆಂಪಾಗಿ ಏರಿದಾಗ ಮೀನು ನಡುನೀರಿನಲ್ಲಿ ಸೆಣಸುತ್ತಾ ಕೂರುವುದಿಲ್ಲ, ಅಂಚು ಹಿಡಿದು ಹತ್ತುತ್ತದೆ. ಸಮುದ್ರದಿಂದ ಬರುವ ಸ್ಟೀಲ್‌ಹೆಡ್‌ಗೂ ಅದೇ ಬುದ್ಧಿ. ಆದರೆ ಇಲ್ಲಿ ಎಲ್ಲರೂ ಹ್ಯಾಚರಿ (ಮೀನುಮರಿ ಸಾಕಿ ನದಿಗೆ ಬಿಡುವ ಕೇಂದ್ರ) ನೀರು ಬಂದು ಸೇರುವ ಮಡುವಿನ ಮುಂದೆಯೇ ನಿಲ್ಲುತ್ತಾರೆ. ಅಂಥದೇ ಒಂದು ಹ್ಯಾಚರಿ ಜಾಗ ರೈಟರ್ ಪಾಂಡ್ಸ್‌ನಲ್ಲಿ ಡಿಸೆಂಬರ್ ಶನಿವಾರ ನೋಡಿ. ಬೆಳಗಿನ ಜಾವ ಐದಕ್ಕೇ ತಲೆಗೆ ಟಾರ್ಚ್ ಕಟ್ಟಿಕೊಂಡು ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ಒಬ್ಬನ ದಾರ ಇನ್ನೊಬ್ಬನದಕ್ಕೆ ಸುತ್ತಿಕೊಂಡು ಅರ್ಧ ದಿನ ಬಿಡಿಸುವುದರಲ್ಲೇ ಹೋಗುತ್ತದೆ. ನಾನೂ ಮೂರ್ನಾಲ್ಕು ಚಳಿಗಾಲ ಅಲ್ಲೇ ನಿಂತೆ. ನೆಗಡಿ ಬಿಟ್ಟರೆ ಏನೂ ಸಿಗಲಿಲ್ಲ.

ದುಡ್ಡಿನ ಕಥೆ ಕೇಳಿ. ವೇಡರ್‌ಗೆ (ನೀರಲ್ಲಿ ನಿಲ್ಲಲು ಹಾಕುವ ಜಲನಿರೋಧಕ ಪ್ಯಾಂಟು) 250 ಡಾಲರ್ ಆಸುಪಾಸು. ಎರಡನೇ ವರ್ಷವೇ ಎಡಗಾಲಿನ ಹೊಲಿಗೆಯಲ್ಲಿ ನೀರು. ಸೆಂಟರ್‌ಪಿನ್ ಎಂಬ ಸಲೀಸಾಗಿ ತಿರುಗುವ ರೀಲ್‌ನ ಹುಚ್ಚು ಹಿಡಿದಾಗ ಇನ್ನೊಂದು 350 ಹೋಯಿತು. ಬಳಸಿದ್ದು ಕಡಿಮೆ, ಅರ್ಧ ಬೆಲೆಗೆ ಮಾರಿದೆ. ಒಬ್ಬ ಗೈಡ್‌ಗೆ ಟಿಪ್ಸ್ ಸೇರಿ 500ಕ್ಕಿಂತ ಜಾಸ್ತಿಯೇ ಕೊಟ್ಟು ಇಡೀ ದಿನ ದೋಣಿಯಲ್ಲಿ ಕೂತೆ. ಅವನು ಚೆನ್ನಾಗಿ ಕಥೆ ಹೇಳಿದ, ಮೀನು ಮಾತ್ರ ತೋರಿಸಲಿಲ್ಲ. ಸೀಸ, ಗಾಳ, ಬೆಂಡು ಎಂದು ಕಲ್ಲಿನ ಸಂದಿಯಲ್ಲಿ ಕಳೆದದ್ದರ ಲೆಕ್ಕ ಇಟ್ಟಿಲ್ಲ, ಇಡುವುದೂ ಇಲ್ಲ. ಕಾಸ್ಟ್‌ಕೋದಲ್ಲಿ ಸಾಕಿದ ಸ್ಟೀಲ್‌ಹೆಡ್ ಫಿಲೆ ಸಿಗುತ್ತದೆ ಎಂದು ಹೆಂಡತಿ ಈಗಲೂ ನೆನಪಿಸುತ್ತಾಳೆ.

ಈಗ ಕೆಲಸಕ್ಕೆ ಬರುವ ಮಾತು. ವಾರಾಂತ್ಯದ ಗಾಳದವನಿಗೆ ದಿನ ಆರಿಸುವ ಭಾಗ್ಯ ಇಲ್ಲ, ನದಿ ಆರಿಸಬಹುದು ಅಷ್ಟೇ. ಶುಕ್ರವಾರ ರಾತ್ರಿ ನದಿಯ ಹರಿವು ಅಳೆಯುವ ಗೇಜ್ ನೋಡುತ್ತೇನೆ. ಊರಲ್ಲಿ ಅಪ್ಪ ಕೆಆರ್‌ಎಸ್ ಒಳಹರಿವು ನೋಡುವ ಹಾಗೆ, ಇಲ್ಲಿ ನನಗೆ ಗೋಲ್ಡ್ ಬಾರ್ ಎಂಬ ಊರಿನ ಹತ್ತಿರದ ಗೇಜಿನ ಕ್ಯೂಸೆಕ್. ಹತ್ತು ಸಾವಿರದ ಆಚೀಚೆ ಏರಿದ ಸ್ಕೈಕೋಮಿಶ್ ಇಳಿಯುತ್ತಾ 4,000–5,000ಕ್ಕೆ ಬಂದಿದ್ದರೆ ಹೊರಡುತ್ತೇನೆ. ಏರುತ್ತಿದ್ದರೆ ಅಲ್ಲಿಗೆ ಹೋಗುವುದಿಲ್ಲ. ಆಗ ದಕ್ಷಿಣಕ್ಕೆ ಎರಡು ಗಂಟೆ ಕಾರು ಓಡಿಸಿ, ಡ್ಯಾಮ್ ಕೆಳಗಿನ ಕೌಲಿಟ್ಜ್ ನದಿಗೆ. ಅಲ್ಲಿ ನೀರಿನ ಏರಿಳಿತ ಅಷ್ಟು ಹುಚ್ಚಾಗಿರುವುದಿಲ್ಲ.

ನೀರು ಹಸಿರು ಮಿಶ್ರಿತ ಬೂದು ಬಣ್ಣ, ಎರಡು ಮೂರು ಅಡಿ ಆಳದವರೆಗೆ ತಳ ಕಾಣಬೇಕು. ಬೆಳಗಿನ ಗುಂಪು ತುಳಿದು ಹೋದ ಮೇಲೆ ಮಡುವಿನ ಬಾಲದ ಕಡೆ, ಅಂದರೆ ಮಡು ತೆಳುವಾಗಿ ಮುಗಿಯುವ ಕಡೆ, ಹೋಗುತ್ತೇನೆ. ನೀರಿಗೆ ಇಳಿಯುವುದಿಲ್ಲ, ಇದು ಮುಖ್ಯ. ಉಳಿದವರು ನಿಲ್ಲುವ ಜಾಗದಲ್ಲೇ ನನ್ನ ಮೀನು ಇರುತ್ತದೆ. ಮನುಷ್ಯ ನಿಧಾನವಾಗಿ ನಡೆಯುವಷ್ಟು ವೇಗದ ನೀರು, ದಡದಿಂದ ಒಂದು ಗಾಳದ ಕೋಲಿನಷ್ಟು ದೂರ. ಬೆಂಡಿನ ಕೆಳಗೆ ಎರಡೂವರೆ ಅಡಿ ಬಿಟ್ಟರೆ ಸಾಕು. ಹತ್ತು ಪೌಂಡಿನ ಫ್ಲೋರೋಕಾರ್ಬನ್ ದಾರ, 14 ಮಿಲಿಮೀಟರ್ ಬೀಡ್ (ಮೀನಿನ ಮೊಟ್ಟೆಯಂತೆ ಕಾಣುವ ಮಣಿ), ಅದರಿಂದ ಎರಡು ಇಂಚು ಕೆಳಗೆ ಮುಳ್ಳಿಲ್ಲದ ಒಂಟಿ ಗಾಳ. ಸೀಸದ ಗುಂಡುಗಳನ್ನು ಎಷ್ಟು ಅಂತರದಲ್ಲಿ ಕಚ್ಚಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ.

ಬೀಡ್ ಯಾಕೆ, ಮೊಟ್ಟೆ ಯಾಕಲ್ಲ ಎಂದು ಕೇಳುತ್ತೀರಿ. ಬೋರಾಕ್ಸ್ ಹಾಕಿ ಹದ ಮಾಡಿದ ಸಾಲ್ಮನ್ ಮೊಟ್ಟೆಗಿಂತ ಒಳ್ಳೆಯ ಎರೆ ಇಲ್ಲ, ಒಪ್ಪಿದೆ. ಆದರೆ ನಮ್ಮ ಮನೆಯಲ್ಲಿ "ಮೊಸರಿನ ಪಕ್ಕ ಇದನ್ನ ಇಟ್ರೆ ನೀವೂ ಗ್ಯಾರೇಜಲ್ಲೇ ಮಲಗಿ" ಎಂಬ ಆದೇಶ ಬಂತು. ಹಾಗಾಗಿ ಬೀಡ್. ಅಂಗಡಿಯ ಬಣ್ಣ ನನಗೆ ಹಿಡಿಸಲಿಲ್ಲ. ಹೆಂಡತಿಯ ಉಗುರುಬಣ್ಣದಲ್ಲಿ ಎರಡು ಪದರ ಹಚ್ಚಿ, ಮೇಲೊಂದು ಬಣ್ಣವಿಲ್ಲದ ಪದರ. ಕೆಳಗಿನ ಪದರ ತಿಳಿ ಪೀಚ್. ಮೇಲಿನದು ಯಾವುದು ಅಂತ ಕೇಳಬೇಡಿ.

ಬೆಂಡು ಗುಳುಂ ಎಂದು ಮುಳುಗಲಿ ಎಂದು ಕಾಯಬೇಡಿ. ಅಷ್ಟು ತೆಳು ನೀರಿನಲ್ಲಿ ಮುಳುಗುವುದು ಕಡಿಮೆ. ನೀರಿನ ಜೊತೆ ಹೋಗುತ್ತಿದ್ದದ್ದು ಒಂದು ಕ್ಷಣ ತಡೆದು, ಅದರ ತುದಿ ಮೇಲ್ಹೊಳೆ ಕಡೆ ವಾಲುತ್ತದೆ. ಹತ್ತರಲ್ಲಿ ಒಂಬತ್ತು ಸಲ ಕಲ್ಲು. ಆದರೂ ಎಳೆಯಲೇಬೇಕು. ಮೊದಲ ಮೀನು ಹಾಗೇ ಕಲ್ಲು ಅಂದುಕೊಂಡು ಎಳೆದಾಗ ಬಿದ್ದದ್ದು. ಕಲ್ಲು ಎರಡು ಸಲ ತಲೆ ಕೊಡವಿತು, ಆಮೇಲೆ ರೀಲ್ ಕಿರುಚಿತು. ಏಳು ಪೌಂಡ್ ಇತ್ತೇನೋ. ಬೆನ್ನ ಮೇಲೆ ಹೆಬ್ಬೆರಳು ಆಡಿಸಿದರೆ ಬಾಲದ ಹತ್ತಿರದ ಪುಟ್ಟ ಅಡಿಪೋಸ್ ರೆಕ್ಕೆಯ ಜಾಗದಲ್ಲಿ ನುಣ್ಣಗಿನ ಗಾಯದ ಗುರುತು. ಹ್ಯಾಚರಿಯಲ್ಲಿ ಗುರುತಿಗೆಂದು ಅದನ್ನು ಕತ್ತರಿಸಿರುತ್ತಾರೆ. ಹ್ಯಾಚರಿ ಮೀನು, ಮನೆಗೆ ಒಯ್ಯಬಹುದು. ಮಂಗಳೂರಿನ ಗೆಳೆಯ ಪುಳಿಮುಂಚಿ ಮಾಡಿದ. ಇಲ್ಲಿಯವರು ನಿಂಬೆ ಹಿಂಡಿ ಬೇಯಿಸುವುದಕ್ಕಿಂತ ನೂರು ಪಾಲು ವಾಸಿ.

ನಡುವೆ ಸುಮ್ನೆ ಒಂದಷ್ಟು ಪ್ರಯೋಗವೂ ಆಯಿತು. ಕಾವೇರಿಯಲ್ಲಿ ಮಹಸೀರ್‌ಗೆ ರಾಗಿ ಉಂಡೆ ಹಾಕುತ್ತಿದ್ದರಲ್ವಾ? ಎರೆಗೆ ಅನುಮತಿ ಇರುವ ಕಡೆ ಅದನ್ನೇ ಹಾಕಿ ನೋಡಿದೆ, ಸೋಂಪಿನ ಎಣ್ಣೆ ಕಲಸಿ. ವೈಟ್‌ಫಿಶ್‌ಗಳು ಬಂದು ಚೂರು ಚೂರೇ ಕಿತ್ತು ತಿಂದವು. ಸ್ಟೀಲ್‌ಹೆಡ್ ಮೂಸಲೂ ಇಲ್ಲ. ಊಟಿ ಕಡೆಯ ಅವಲಾಂಚೆಯಲ್ಲಿರುವ ರೇನ್‌ಬೋ ಟ್ರೌಟ್ ಕೂಡ ಇದೇ ಜಾತಿ, ಸಮುದ್ರಕ್ಕೆ ಹೋಗಿ ಬಂದಿಲ್ಲ ಅಷ್ಟೇ. ಅಲ್ಲಿ ರಾಗಿ ನಡೆಯುತ್ತದೋ ಏನೋ, ರಜಕ್ಕೆ ಹೋದಾಗ ಪರ್ಮಿಟ್ ಸಿಕ್ಕರೆ ನೋಡಬೇಕು.

ಮಾರ್ಚ್‌ನಲ್ಲಿ ಫೋರ್ಕ್ಸ್ ಕಡೆ ಹೊರಟಿದ್ದೇನೆ, ಸೋಲ್ ಡಕ್ ನದಿಗೆ. ಅಲ್ಲಿ ಆಗ ಬರುವುದು ಹೆಚ್ಚಾಗಿ ಕಾಡುಮೀನು (ಹ್ಯಾಚರಿಯದಲ್ಲ, ನದಿಯಲ್ಲೇ ಹುಟ್ಟಿದ್ದು), ನೀರಿನಿಂದ ಎತ್ತದೆ ಬಿಡಬೇಕು. ಆ ಕಡೆಯ ನದಿಗಳಲ್ಲಿ ಈಚಿನ ವರ್ಷಗಳಲ್ಲಿ ಎರೆಗೂ ನಿಷೇಧ. ಮೊಟ್ಟೆ ಡಬ್ಬಿ ಹಿಡಿದು ನನ್ನನ್ನು ನೋಡಿ ನಕ್ಕವರೇ ಈಗ ಫೋನ್ ಮಾಡಿ ಬೀಡ್ ಸೈಜ್ ಕೇಳುತ್ತಿದ್ದಾರೆ. ಕಾರಿನಲ್ಲಿ ಒಂದು ಸೀಟು ಖಾಲಿ ಇದೆ. ಹೋಗಲು ಸುಮಾರು ನಾಲ್ಕು ಗಂಟೆ, ಗ್ಯಾಸ್ ದುಡ್ಡು ಅರ್ಧ ಅರ್ಧ. ಉಗುರುಬಣ್ಣ ನಿಮ್ಮದೇ ತನ್ನಿ.